ಇಡೀ ಫೋನಿಗೆ 777 ಕೊಡಬೇಡಿ, ನಾನು ಕೊಟ್ಟು ಕಳೆದುಕೊಂಡಿದ್ದೇನೆ

ಡೌನ್‌ಲೋಡ್ ಫೋಲ್ಡರಿನಲ್ಲಿಟ್ಟ ಪ್ರೋಗ್ರಾಮ್ ಓಡಿಸಲು ಹೋದರೆ 'ಪರ್ಮಿಷನ್ ಡಿನೈಡ್' ಬರುತ್ತೆ, ಅದಕ್ಕೇ ಎಡಿಬಿ ಶೆಲ್‌ನಿಂದ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ವಿಂಡೋ) ಇಡೀ ಫೋನಿಗೆ ಸಿಎಚ್‌ಮಾಡ್ 777 (ಫೈಲಿನ ಪರ್ಮಿಷನ್ ಬದಲಿಸುವ ಆಜ್ಞೆ, 777 ಅಂದರೆ ಎಲ್ಲರಿಗೂ ಎಲ್ಲ ಅನುಮತಿ) ಕೊಡೋದು ಹೇಗೆ ಅಂತ ಕೇಳಿದ್ದೀರಿ. ಕೊಡಬೇಡಿ. 2012ರಲ್ಲಿ ನಾನು ಇದನ್ನೇ ಮಾಡಿದ್ದೆ.

ಆಗ ದಾವಣಗೆರೆಯ ವಿದ್ಯಾನಗರದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೆ. ಊರು ಜಗಳೂರು ಕಡೆ. ಕೈಯಲ್ಲಿದ್ದದ್ದು ಆಂಡ್ರಾಯ್ಡ್ 2.3ರ ಫೋನು. ಅದರಲ್ಲಿ ಕನ್ನಡ ಅಂದರೆ ಬರೀ ಚೌಕಗಳು. ಆಂಡ್ರಾಯ್ಡ್‌ಗೆ ಕನ್ನಡ ಸೇರಿದ್ದು 4.1ರಲ್ಲಿ. ಊರಿಗೆ ಹೋದಾಗ ಸುದ್ದಿ ಓದಲಿ ಅಂತ ಅಪ್ಪನ ಕೈಗೆ ಫೋನ್ ಕೊಟ್ಟೆ. ಅವರಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. ಕನ್ನಡಕ ಹಾಕಿಕೊಂಡರು, ಚೌಕಗಳನ್ನು ಸ್ವಲ್ಪ ಹೊತ್ತು ನೋಡಿದರು, ಏನೂ ಅನ್ನದೆ ವಾಪಸ್ ಕೊಟ್ಟರು. ಅವತ್ತೇ ನಿರ್ಧಾರ ಮಾಡಿದೆ, ಈ ಫೋನಿನಲ್ಲಿ ಕನ್ನಡ ಬರಲೇಬೇಕು.

ರೂಟ್ ಮಾಡಿದೆ, ಅಂದರೆ ಫೋನಿನ ಮೇಲೆ ಪೂರ್ತಿ ಅಧಿಕಾರ ಇರುವ 'ರೂಟ್' ಬಳಕೆದಾರನಾಗುವ ದಾರಿ ಮಾಡಿಕೊಂಡೆ. ಸಿಸ್ಟಮ್ ಭಾಗವನ್ನು ಬರೆಯಲು ಬರುವ ಹಾಗೆ ರೀಮೌಂಟ್ ಮಾಡಿ, ಕನ್ನಡ ಅಕ್ಷರಗಳಿರುವ ಫಾಂಟನ್ನು ಹಳೆಯದರ ಜಾಗಕ್ಕೆ ಹಾಕಿದೆ. ರೀಬೂಟ್ ಆದರೂ ಚೌಕಗಳೇ. ಆ ಫೈಲಿನ ಪರ್ಮಿಷನ್ 600 ಇತ್ತು, ಅಂದರೆ ರೂಟ್ ಬಿಟ್ಟು ಬೇರೆ ಯಾರೂ ಓದುವ ಹಾಗಿಲ್ಲ. ಎಲ್ಲರೂ ಓದಬಹುದಾದ 644 ಕೊಟ್ಟಿದ್ದರೆ ಮುಗಿಯುತ್ತಿತ್ತು. ಒಂದು ಫೈಲು, ಒಂದು ಸಾಲು. ನಾನು ಸಿಟ್ಟಿನಲ್ಲಿ ಬಿಸಿಬಾಕ್ಸ್ ಅನ್ನುವ ಆಜ್ಞೆಗಳ ಕಟ್ಟಿನ ಸಿಎಚ್‌ಮಾಡ್‌ಗೆ ಡ್ಯಾಶ್ ಆರ್ (ಒಳಗಿರುವ ಎಲ್ಲ ಫೈಲಿಗೂ ಅನ್ವಯಿಸು ಅಂತ) ಸೇರಿಸಿ ಇಡೀ ಸಿಸ್ಟಮ್ ಫೋಲ್ಡರಿಗೆ 777 ಒತ್ತಿಬಿಟ್ಟೆ.

ಇಲ್ಲೇ ಕೆಟ್ಟದ್ದು, ನಿಧಾನವಾಗಿ ಓದಿ. 4 ಅಂದರೆ ಓದು, 2 ಅಂದರೆ ಬರೆ, 1 ಅಂದರೆ ಓಡಿಸು. ಮೂರೂ ಕೂಡಿದರೆ 7. ಮಾಲೀಕ, ಗುಂಪು, ಉಳಿದವರು, ಮೂವರಿಗೂ 7. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಈ ಮೂರರ ಮುಂದೆ ಇನ್ನೊಂದು ಅಂಕಿ ಇದೆ. ನಮ್ಮನ್ನು ರೂಟ್ ಮಾಡುತ್ತಿದ್ದ ಎಸ್‌ಯು ಫೈಲಿಗೆ ಆಗ 6755 ಇರುತ್ತಿತ್ತು. ಆ 6ರಲ್ಲಿರುವ 4 ಇದೆಯಲ್ಲ, ಅದರಿಂದಲೇ ಎಸ್‌ಯು ಯಾರು ಓಡಿಸಿದರೂ ಅದರ ಮಾಲೀಕನಾದ ರೂಟ್ ಹೆಸರಲ್ಲಿ ಓಡುತ್ತೆ. 777 ಅಂದರೆ 0777. ಎಲ್ಲರಿಗೂ ಎಲ್ಲವನ್ನೂ ಕೊಟ್ಟೆ ಅಂದುಕೊಂಡಿದ್ದೆ, ಆ 6 ಸೊನ್ನೆಯಾಯಿತು. ರೂಟ್ ಆಗುವ ಬಾಗಿಲಿಗೆ ನಾನೇ ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟಿದ್ದೆ.

ಅಷ್ಟಾದರೂ ಉಳಿಸಿಕೊಳ್ಳಬಹುದಿತ್ತು. ಪರದೆ ಮೇಲೆ ಹ್ಯಾಶ್ ಗುರುತು ಇನ್ನೂ ಇತ್ತು. ಅಂದರೆ ತೆರೆದಿದ್ದ ಆ ಶೆಲ್ ಇನ್ನೂ ರೂಟ್ ಆಗಿಯೇ ಇತ್ತು. ಅದೇ ಸಾಲಿನಲ್ಲಿ ಎಸ್‌ಯುಗೆ 6755 ವಾಪಸ್ ಕೊಟ್ಟಿದ್ದರೆ ಕೀಲಿ ಕೈಗೆ ಬರುತ್ತಿತ್ತು, ಉಳಿದದ್ದನ್ನು ಬೆಳಗ್ಗೆ ಸರಿಮಾಡಬಹುದಿತ್ತು. ನಾನು ವಿಂಡೋ ಮುಚ್ಚಿ ರೀಬೂಟ್ ಮಾಡಿದೆ. ಫೋನು ಲೋಗೋದಲ್ಲೇ ನಿಂತಿತು. ಎಡಿಬಿ ಸಿಕ್ಕಿತು, ಆದರೆ ಹ್ಯಾಶ್ ಇದ್ದ ಜಾಗದಲ್ಲಿ ಡಾಲರ್ ಗುರುತು, ಅಂದರೆ ನಾನೀಗ ರೂಟ್ ಅಲ್ಲ. ಎಸ್‌ಯು ಒತ್ತಿದರೆ 'ಪರ್ಮಿಷನ್ ಡಿನೈಡ್'.

ಗಾಬರಿಯಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿದೆ. ರೀಸೆಟ್ ಅಳಿಸುವುದು ಡೇಟಾ ಭಾಗವನ್ನು. ನಾನು ಕೆಡಿಸಿದ್ದ ಸಿಸ್ಟಮ್ ಭಾಗವನ್ನು ಅದು ಮುಟ್ಟುವುದೇ ಇಲ್ಲ. ಕೆಟ್ಟದ್ದು ಹಾಗೇ ಉಳಿಯಿತು, ಚೆನ್ನಾಗಿದ್ದದ್ದು ಹೋಯಿತು. ಆ ವರ್ಷದ ಮೆಕ್ಕೆಜೋಳದ ಎಸ್ಸೆಮ್ಮೆಸ್‌ಗಳೆಲ್ಲ ಅದರಲ್ಲಿದ್ದವು. ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಎಲ್ಲವನ್ನೂ ವ್ಯಾಪಾರಿ ನನ್ನ ನಂಬರಿಗೇ ಕಳಿಸುತ್ತಿದ್ದ. ಲೆಕ್ಕ ಚುಕ್ತಾ ಮಾಡುವಾಗ ಅಪ್ಪನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಅವನು ಹೇಳಿದ್ದೇ ತೂಕ.

ಅಂಗಡಿಯಲ್ಲಿ ಮೂಲ ಸಾಫ್ಟ್‌ವೇರ್ ಹಾಕಿಸಿ, ಮತ್ತೆ ರೂಟ್ ಮಾಡಿ, ಈ ಸಲ ಫಾಂಟಿಗೆ 644 ಕೊಟ್ಟೆ. ಕನ್ನಡ ಬಂತು. ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿದ್ದವು. ಅಪ್ಪ ತಡವರಿಸುತ್ತಲೇ ಓದಿದರು.

ಈಗ ನಿಮ್ಮದು. ನಿಮಗೆ ಬೇಕಿರುವುದು ಪರ್ಮಿಷನ್ ಅಲ್ಲ, ಬೇರೆ ಜಾಗ. ಡೌನ್‌ಲೋಡ್ ಇರುವ ಎಸ್‌ಡಿಕಾರ್ಡ್ ಭಾಗದಿಂದ ಪ್ರೋಗ್ರಾಮ್ ಓಡಿಸಲು ಆಂಡ್ರಾಯ್ಡ್ ಬಿಡುವುದಿಲ್ಲ. ಅಲ್ಲಿ ಸಿಎಚ್‌ಮಾಡ್ ಎಷ್ಟು ಸಲ ಒತ್ತಿದರೂ ಸುಮ್ನೆ, ಏನೂ ಬದಲಾಗಲ್ಲ. ಎಡಿಬಿ ಪುಶ್‌ನಿಂದ ಫೈಲನ್ನು ಡೇಟಾ, ಲೋಕಲ್, ಟಿಎಂಪಿ ಅನ್ನುವ ದಾರಿಗೆ ಹಾಕಿ. ಅದೊಂದಕ್ಕೇ 755 ಕೊಡಿ, ಅಲ್ಲಿಂದಲೇ ಓಡಿಸಿ. ರೂಟ್ ಬೇಡ. ಟರ್ಮಕ್ಸ್ (ಫೋನಿನಲ್ಲೇ ಆಜ್ಞೆ ಒತ್ತುವ ಆ್ಯಪ್) ಬಳಸುತ್ತಿದ್ದರೆ ಅದರ ಹೋಮ್ ಫೋಲ್ಡರಿಗೆ ಕಾಪಿ ಮಾಡಿ, 700 ಸಾಕು.

777 ಕೊಟ್ಟರೆ ಎಲ್ಲ ತೆರೆಯುತ್ತೆ ಅನ್ನುವವರ ಮಾತು ಕೇಳಬೇಡಿ. ಆಂಡ್ರಾಯ್ಡ್ 5.0ರಿಂದ ಎಸ್‌ಇಲಿನಕ್ಸ್ ಅನ್ನುವ, ಈ ಅಂಕಿಗಳ ಮೇಲಿನ ಇನ್ನೊಂದು ಕಾವಲು ಪೂರ್ತಿ ಜಾರಿಯಲ್ಲಿದೆ. ಅದು ಬೇಡ ಅಂದರೆ 777 ಇದ್ದರೂ ಬೇಡವೇ.

ಪುಶ್ ಮಾಡಿದ ಮೇಲೂ ಓಡದಿದ್ದರೆ ಆ ಫೈಲಿನ ಮೇಲೆ ಎಲ್‌ಎಸ್ ಡ್ಯಾಶ್ ಎಲ್ (ಫೈಲಿನ ಪರ್ಮಿಷನ್ ತೋರಿಸುವ ಆಜ್ಞೆ) ಒತ್ತಿ, ಬಂದ ಸಾಲನ್ನು ಹಾಗೇ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಡ್ಯಾಶ್ ಆರ್ ಮುಟ್ಟಬೇಡಿ, ಮೆಸೇಜುಗಳ ಬ್ಯಾಕಪ್ ತೆಗೆದಿಡಿ.