ಓದುಗರ ಪ್ರಶ್ನೆ: ಫುಲ್ ಲೆಂಗ್ತ್ ಡೈ ತಗೊಳ್ಳೋದಾ, ನೆಕ್ ಡೈ ತಗೊಳ್ಳೋದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಹಾಸನದ ಹತ್ರ, ಟೆಕ್ಸಸ್‌ಗೆ ಬಂದು 11 ವರ್ಷ ಆಯ್ತು. ನನ್ನ ಹತ್ರ 308 ವಿಂಚೆಸ್ಟರ್ ಬೋಲ್ಟ್ ಆಕ್ಷನ್ ರೈಫಲ್ ಇದೆ, ತಿಂಗಳಿಗೆ ಎರಡು ಸಲ ರೇಂಜಿಗೆ ಹೋಗ್ತೀನಿ. ಖಾಲಿ ಕೇಸ್‌ಗಳನ್ನ ಮನೇಲೇ ರೀಲೋಡ್ ಮಾಡೋಣ, ಅಂದ್ರೆ ತೋಟೆಯ ಹಿತ್ತಾಳೆ ಕವಚಕ್ಕೆ ಮತ್ತೆ ಮದ್ದು, ಗುಂಡು ತುಂಬೋಣ ಅಂತ ಪ್ರೆಸ್ ತಂದಾಯ್ತು, ಆದ್ರೆ ಡೈ (ಉಬ್ಬಿದ ಕೇಸನ್ನ ಒತ್ತಿ ಮತ್ತೆ ಅಳತೆಗೆ ತರೋ ಅಚ್ಚು) ಆರಿಸೋಕೆ ಹೋದ್ರೆ ಫುಲ್ ಲೆಂಗ್ತ್, ನೆಕ್, ಬುಷಿಂಗ್, ಸ್ಮಾಲ್ ಬೇಸ್ ಅಂತ ನಾಲ್ಕು ತರ ಇದೆ. ನೆಕ್ ಡೈ ತಗೊಂಡ್ರೆ ಹಿತ್ತಾಳೆ ಜಾಸ್ತಿ ದಿನ ಬಾಳುತ್ತೆ ಅಂತ ಜೊತೆಯವರು ಹೇಳ್ತಾರೆ. ಮುಂದೆ ಒಂದು ಸೆಮಿ ಆಟೋ, ಅಂದ್ರೆ ಮುಂದಿನ ತೋಟೆಯನ್ನ ತಾನಾಗೇ ತುಂಬ್ಕೊಳ್ಳೋ ರೈಫಲ್, ತಗೊಳ್ಳೋ ಆಸೆನೂ ಇದೆ. ಯಾವುದು ತಗೊಳ್ಳಲಿ?

ಉತ್ತರ: ಫುಲ್ ಲೆಂಗ್ತ್ ಡೈ ತಗೊಳ್ಳಿ. ಅದರ ಜೊತೆಗೆ ಒಂದು ಕ್ಯಾಲಿಪರ್ರು, ಅದಕ್ಕೆ ಸಿಕ್ಕಿಸೋ ಹೆಡ್‌ಸ್ಪೇಸ್ ಕಂಪ್ಯಾರೇಟರ್ (ಕೇಸಿನ ಬುಡದಿಂದ ಭುಜದವರೆಗಿನ ಅಳತೆ ತಗೊಳ್ಳೋ ಸಾಧನ) ತಗೊಳ್ಳಿ. ದುಡ್ಡು ಸಾಲದೇ ಹೋದ್ರೆ ಡೈ ಕಮ್ಮಿ ಬೆಲೇದು ತಗೊಂಡ್ರೂ ಪರವಾಗಿಲ್ಲ, ಕಂಪ್ಯಾರೇಟರ್ ಮಾತ್ರ ಬಿಡಬೇಡಿ.

ಯಾಕೆ ಅಂದ್ರೆ, ಗುಂಡು ಹಾರಿದಾಗ ಕೇಸ್ ಉಬ್ಬಿ ನಿಮ್ಮ ಚೇಂಬರಿನ, ಅಂದ್ರೆ ರೈಫಲ್ಲಿನಲ್ಲಿ ತೋಟೆ ಕೂರೋ ಜಾಗದ, ಆಕಾರಕ್ಕೆ ಬರುತ್ತೆ. ನೆಕ್ ಡೈ ಅದರ ಕತ್ತನ್ನ ಮಾತ್ರ ಒತ್ತುತ್ತೆ, ಮೈಯಿ ಮತ್ತು ಭುಜ (ಮೈ ಕತ್ತಿಗೆ ಸೇರೋ ಕಡೆ ಇರೋ ಇಳಿಜಾರು) ಹಾಗೇ ಉಳಿಯುತ್ತೆ. ಎರಡು ಮೂರು ಸಲ ಚೆನ್ನಾಗೇ ನಡೆಯುತ್ತೆ, ಆಮೇಲೆ ಬೋಲ್ಟ್ ಹಾಕುವಾಗ ಕೈಗೆ ಬಿಗಿ ಬಿಗಿ ಅನ್ನೋಕೆ ಶುರುವಾಗುತ್ತೆ, ಆಗ ಹೇಗಿದ್ರೂ ಫುಲ್ ಲೆಂಗ್ತ್ ಡೈ ತರಲೇಬೇಕು. ಸೆಮಿ ಆಟೋದಲ್ಲಂತೂ ನೆಕ್ ಸೈಜ್ ಮಾಡಿದ ಕೇಸ್ ಹಾಕಲೇಬಾರದು, ಅಲ್ಲಿ ಬೋಲ್ಟ್ ತಾನಾಗೇ ಪೂರ್ತಿ ಮುಚ್ಚಬೇಕು, ನೀವು ಕೈಯಿಂದ ಒತ್ತೋಕೆ ಆಗಲ್ಲ.

ಹಿತ್ತಾಳೆ ಬಾಳಿಕೆ ಬಗ್ಗೆ ನಿಮ್ಮ ಜೊತೆಯವರು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ, ಆದ್ರೆ ಅದು ಫುಲ್ ಲೆಂಗ್ತ್ ಡೈ ತಪ್ಪಲ್ಲ, ಕೂರಿಸೋ ರೀತಿ ತಪ್ಪು. ಡೈ ಶೆಲ್ ಹೋಲ್ಡರಿಗೆ (ಪ್ರೆಸ್ಸಿನಲ್ಲಿ ಕೇಸಿನ ಬುಡ ಹಿಡಿಯೋ ಭಾಗ) ತಾಗಿದ ಮೇಲೆ ಇನ್ನೂ ಸ್ವಲ್ಪ ತಿರುಗಿಸಿ ಅಂತ ಡಬ್ಬಿ ಒಳಗಿನ ಚೀಟೀಲಿ ಇರುತ್ತೆ. ಹಾಗೆ ಮಾಡಿದ್ರೆ ಎಷ್ಟೋ ರೈಫಲ್‌ಗಳಲ್ಲಿ ಭುಜ ಬೇಕಾದ್ದಕ್ಕಿಂತ ಹಿಂದೆ ಹೋಗುತ್ತೆ, ಪ್ರತಿ ಸಲ ಹಾರಿಸಿದಾಗ ಕೇಸ್ ಮತ್ತೆ ಮುಂದಕ್ಕೆ ಹಿಗ್ಗಬೇಕು, ಹಿಗ್ಗಿ ಹಿಗ್ಗಿ ಬುಡದ ಮೇಲೆ ತೆಳ್ಳಗಾಗುತ್ತೆ. ಹಳೇ ಕೇಸ್‌ಗಳಲ್ಲಿ ಬುಡದಿಂದ ಸ್ವಲ್ಪ ಮೇಲೆ ಹೊಳೆಯೋ ಒಂದು ಉಂಗುರ ಕಾಣ್ತಾ ನೋಡಿ, ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೆ ಬಿಟ್ಟು ಗೋಡೆಗೆ ಒತ್ತಿಕೊಂಡು ಮೇಲಕ್ಕೆ ಎಳೀರಿ, ಆ ಜಾಗದಲ್ಲಿ ತೋಡಿನ ತರ ಸಿಕ್ಕಿದ್ರೆ ಆ ಕೇಸ್ ಎಸೆದುಬಿಡಿ. ಮುಂದಿನ ಸಲ ಅದು ಚೇಂಬರಿನಲ್ಲೇ ಎರಡು ತುಂಡಾಗಬಹುದು.

ಸರಿಯಾಗಿ ಕೂರಿಸೋದು ಹೀಗೆ. ನಿಮ್ಮ ರೈಫಲ್‌ನಲ್ಲೇ ಹಾರಿಸಿದ ನಾಲ್ಕೈದು ಕೇಸ್‌ಗಳ ಹಳೇ ಪ್ರೈಮರ್ (ಬುಡದಲ್ಲಿ ಮದ್ದಿಗೆ ಕಿಡಿ ಕೊಡೋ ಚಿಕ್ಕ ಬಟ್ಟಲು) ತೆಗೆದು ಭುಜದ ಅಳತೆ ತಗೊಳ್ಳಿ, ಅದರಲ್ಲಿ ಉದ್ದ ಇರೋದನ್ನ ಬರ್ಕೊಳ್ಳಿ. ಬೋಲ್ಟ್ ಆಕ್ಷನ್‌ಗೆ ಅದಕ್ಕಿಂತ 0.002 ಇಂಚು ಕಮ್ಮಿ ಬಂದ್ರೆ ಸಾಕು, ಸೆಮಿ ಆಟೋಗೆ 0.003ರಿಂದ 0.005. ಡೈ ಮೇಲೆ ಬಿಟ್ಟುಕೊಂಡು ಶುರು ಮಾಡಿ, ಸ್ವಲ್ಪ ಸ್ವಲ್ಪ ಕೆಳಗೆ ತನ್ನಿ. ಒಂದು ಹಂತದಲ್ಲಿ ಅಳತೆ ಕಮ್ಮಿ ಆಗೋ ಬದಲು ಜಾಸ್ತಿ ಆಗುತ್ತೆ, ಗಾಬರಿ ಆಗಬೇಡಿ, ಮೈಯನ್ನ ಒತ್ತಿದಾಗ ಭುಜ ಮೊದಲು ಮುಂದಕ್ಕೆ ಹೋಗುತ್ತೆ, ಆಮೇಲೆ ಡೈ ಅದನ್ನ ಹಿಂದಕ್ಕೆ ತಳ್ಳುತ್ತೆ. ಡೈ ಮೇಲಿನ ಥ್ರೆಡ್ (ತಿರುಪಿನ ಸುತ್ತು) ಇಂಚಿಗೆ 14, ಅಂದ್ರೆ ಗಡಿಯಾರದ ಒಂದು ನಿಮಿಷದ ಗೆರೆಯಷ್ಟು ತಿರುಗಿಸಿದ್ರೆ 0.001 ಇಂಚಿಗಿಂತ ಚೂರು ಜಾಸ್ತಿ ಇಳಿಯುತ್ತೆ. ಕೈ ಅಷ್ಟು ಮೆಲ್ಲಗಿರಬೇಕು.

ಕೇಸಿನ ಬುಡದ ಕಡೆ ಇನ್ನೂ ಸ್ವಲ್ಪ ಜಾಸ್ತಿ ಒತ್ತೋ ಸ್ಮಾಲ್ ಬೇಸ್ ಡೈ ಈಗ ಬೇಡ. ಸೆಮಿ ಆಟೋ ಬಂದ ಮೇಲೆ, ಮಾಮೂಲಿ ಡೈನಲ್ಲಿ ಸರಿಯಾಗಿ ಸೈಜ್ ಮಾಡಿದ ಕೇಸ್ ಕೂರ್ತಾ ಇಲ್ಲ ಅಂದ್ರೆ ಮಾತ್ರ ಯೋಚನೆ ಮಾಡಿ. ಬುಷಿಂಗ್ ಡೈ ನನಗೆ ತುಂಬಾ ಇಷ್ಟ, ಅದರಲ್ಲಿ ಬುಷಿಂಗ್ ಅನ್ನೋ ಉಂಗುರ ಬದಲಾಯಿಸಿ ಕತ್ತನ್ನ ಎಷ್ಟು ಬೇಕೋ ಅಷ್ಟೇ ಒತ್ತಬಹುದು. ಲೋಡ್ ಆದ ತೋಟೆಯ ಕತ್ತು 0.336 ಇಂಚು ಇದ್ರೆ 0.334 ಬುಷಿಂಗ್ ಹಾಕ್ತೀವಿ. ಆದ್ರೆ ಬೇರೆ ಬೇರೆ ಕಂಪನಿ ಕೇಸ್ ಬೆರಕೆ ಆಗಿದ್ರೆ ಅದರ ಲಾಭ ಸಿಗಲ್ಲ, ಹಿತ್ತಾಳೆ ದಪ್ಪ ಒಂದೊಂದರದ್ದು ಒಂದೊಂದು ತರ. ಮೊದಲು ಒಂದೇ ಕಂಪನಿಯ 100 ಕೇಸ್ ಜೋಡಿಸ್ಕೊಳ್ಳಿ. ಡೈ ಕಂಪನಿ ಲೀ, ಹಾರ್ನಡಿ, ಆರ್‌ಸಿಬಿಎಸ್, ರೆಡಿಂಗ್, ಫಾರ್‌ಸ್ಟರ್ ಯಾವುದಾದ್ರೂ ಸರಿ, ಲೀ ಕಮ್ಮಿ ಬೆಲೇದು, ಕೆಲಸ ಚೆನ್ನಾಗಿ ಮಾಡುತ್ತೆ.

ಇನ್ನೊಂದು, ಲ್ಯೂಬ್, ಕೇಸ್ ಡೈನಲ್ಲಿ ಸಿಕ್ಕಿಕೊಳ್ಳದ ಹಾಗೆ ಹಚ್ಚೋ ಜಾರುವ ಪದಾರ್ಥ. ನಾನು ಶುರು ಮಾಡಿದ ವಾರದಲ್ಲೇ ಒಂದು ಕೇಸಿಗೆ ಹಚ್ಚೋದು ಮರೆತು ಹಿಡಿಕೆ ಎಳೆದೆ, ಅರ್ಧಕ್ಕೆ ಹೋಗಿ ನಿಂತುಬಿಡ್ತು, ಜೋರು ಮಾಡಿ ವಾಪಸ್ ಎಳೆದ್ರೆ ರಿಮ್ ಕಿತ್ತು ಬಂತು. ಕೊನೆಗೆ ಬುಡಕ್ಕೆ ಡ್ರಿಲ್ ಹಾಕಿ, ಥ್ರೆಡ್ ಕೊರೆದು, ತಿರುಪಿನ ಬೋಲ್ಟ್ ಹಾಕಿ ಎಳೀಬೇಕಾಯ್ತು, ಒಂದು ಭಾನುವಾರ ಪೂರ್ತಿ ಹೋಯ್ತು. ಮೈಗೆ ಬೆರಳಲ್ಲಿ ತೆಳ್ಳಗೆ ವ್ಯಾಕ್ಸ್ ಸವರಿ, ಭುಜಕ್ಕೆ ಬೇಡ, ಅಲ್ಲಿ ಜಾಸ್ತಿ ಆದ್ರೆ ಗುಳಿ ಬೀಳುತ್ತೆ. ಸೈಜ್ ಆದ ಮೇಲೆ ಒರೆಸೋದು ಮರೀಬೇಡಿ.

ಪ್ರಶ್ನೆ: ಸರ್, ನಾನು ಮಡಿಕೇರಿಯವನು. ನಮ್ಮ ಮನೇಲಿ ಕೋವಿ ಇದೆ, ನಮಗೆ ಲೈಸೆನ್ಸ್ ಬೇಕಿಲ್ಲ. ಅಮೆರಿಕದಲ್ಲಿರೋ ನಮ್ಮಣ್ಣ ಡೈ ಸೆಟ್ ತಂದುಕೊಡ್ತೀನಿ ಅಂತಿದ್ದಾನೆ. ಇಲ್ಲಿ ಮಾಡಬಹುದಾ?

ಉತ್ತರ: ಬೇಡ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರೋ ವಿನಾಯಿತಿ, ಸದ್ಯ 2029ರವರೆಗೆ ಮುಂದುವರಿಸಿರೋದು, ಕೋವಿ ಇಟ್ಕೊಳ್ಳೋಕೆ, ಹೊತ್ಕೊಂಡು ಹೋಗೋಕೆ ಕೊಟ್ಟಿದ್ದು. ತೋಟೆ ತಯಾರು ಮಾಡೋದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೇರೆ ಸೆಕ್ಷನ್, ಅದಕ್ಕೆ ಬೇರೆ ಲೈಸೆನ್ಸೇ ಬೇಕು. ಅಣ್ಣನಿಗೆ ಡೈ ತರಬೇಡ ಅಂತ ಈಗಲೇ ಹೇಳಿಬಿಡಿ, ತೋಟೆ ಯಾವತ್ತಿನ ಹಾಗೆ ಲೈಸೆನ್ಸ್ ಇರೋ ಅಂಗಡೀಲೇ ತಗೊಳ್ಳಿ.