ಪ್ರತಿಕ್ರಿಯೆ: ಹೊಸ ಟಿವಿಯಲ್ಲಿ 'ಬೇಡರ ಕಣ್ಣಪ್ಪ', ಮುಖಗಳೆಲ್ಲ ದಪ್ಪ

ರಾಜ್‌ಕುಮಾರ್ ಮುಖ ಊದಿದಂತೆ ಕಾಣುತ್ತದೆ, ಓಡಾಟ ಧಾರಾವಾಹಿಯಂತಿದೆ ಎಂದಿರಿ. ಇವು ಎರಡು ಬೇರೆ ಬೇರೆ ತೊಂದರೆ.

ಮೊದಲನೆಯದು ಅಳತೆಯದು. 1954ರ ಆ ಚಿತ್ರದ ಚೌಕಟ್ಟಿನ ಅಗಲ-ಎತ್ತರದ ಅನುಪಾತ ಹೆಚ್ಚುಕಡಿಮೆ 4:3. ನಿಮ್ಮ ಟಿವಿ 16:9. ತುಂಬಿಸಲು ಎಳೆದರೆ ಎಲ್ಲವೂ ಮೂರನೇ ಒಂದು ಪಾಲು ಅಗಲವಾಗುತ್ತದೆ. ಟಿವಿ ಸೆಟ್ಟಿಂಗ್ಸ್‌ನ ಪಿಕ್ಚರ್ ಸೈಜ್‌ನಲ್ಲಿ 4:3 ಇಡಿ. ಅಕ್ಕಪಕ್ಕ ಕಪ್ಪು ಪಟ್ಟಿ ಬಂದರೆ ಅದೇ ಸರಿ. 'ಜೂಮ್' ಮಾತ್ರ ಬೇಡ, ಮೇಲೆ ಕೆಳಗೆ ಸೇರಿ ಕಾಲುಭಾಗ ಚಿತ್ರವೇ ಹೋಗುತ್ತದೆ. ಗಾಡಿಚಕ್ರವೋ ತಟ್ಟೆಯೋ ನೇರವಾಗಿ ಕಾಣುವ ದೃಶ್ಯದಲ್ಲಿ ನಿಲ್ಲಿಸಿ ನೋಡಿ: ದುಂಡಗಿದ್ದರೆ ಅಳತೆ ಸರಿ. ಕೆಲವು ಟಿವಿ ಆ್ಯಪ್‌ಗಳಲ್ಲಿ ಈ ಆಯ್ಕೆ ಮಸುಕಾಗಿ, ಒತ್ತಲಾಗದಂತೆ ಇರುತ್ತದೆ. ಆಗ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಸೇರಿಸಿ. ಚಿತ್ರ ಫೈಲ್ ಆಗಿದ್ದರೆ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ 'ಎ' ಕೀಲಿ ಒತ್ತುತ್ತಾ ಹೋದರೆ ಅಳತೆ ಬದಲಾಗುತ್ತದೆ. ಆದರೆ ಅಪ್‌ಲೋಡ್ ಮಾಡಿದವರೇ ತಲೆ ಕತ್ತರಿಸಿದ್ದರೆ ಏನೂ ಮಾಡಲಾಗದು, ಬೇರೆ ಪ್ರತಿ ಹುಡುಕಿ.

ಎರಡನೆಯದು ಓಡಾಟದ್ದು: ಸಿನಿಮಾದ ಸೆಕೆಂಡಿಗೆ 24 ಬಿಡಿ ಚಿತ್ರಗಳ ನಡುವೆ ಟಿವಿ ತಾನೇ ಹೊಸವನ್ನು ಸೃಷ್ಟಿಸಿ ತುರುಕುವುದರಿಂದ ಅದು ಧಾರಾವಾಹಿಯಂತೆ ಕಾಣುತ್ತದೆ. ಈ ಸೌಲಭ್ಯದ ಹೆಸರು ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ; ಆಫ್ ಮಾಡಿ. ನಾಯ್ಸ್ ರಿಡಕ್ಷನ್ ಕೂಡ ಆಫ್ ಇರಲಿ. ಅದು ಫಿಲ್ಮಿನ ಕಣದ ಜೊತೆ ಚರ್ಮದ ನವಿರನ್ನೂ ಒರೆಸಿ ಮೇಣದ ಗೊಂಬೆ ಮಾಡುತ್ತದೆ. ಗೆಳೆಯರನ್ನು ಕರೆಯುವ ಮುಂಚೆ ಒಂದು ಹಾಡು ಹಾಕಿ ಇಷ್ಟನ್ನೂ ಪರೀಕ್ಷಿಸಿಕೊಳ್ಳಿ.