ಎರಡು ಸರ್ವರ್, ಒಂದು ನ್ಯಾಸ್: ಫೇಲ್‌ಓವರ್‌ಗೆ ಇಷ್ಟು ಸಾಕೇ?

ಪ್ರಶ್ನೆ: ನಮ್ಮದು ಎಂಬತ್ತು ಹಾಸಿಗೆಗಳ ಆಸ್ಪತ್ರೆ. ಎರಡು ಸರ್ವರ್‌ಗಳಲ್ಲಿ ಪ್ರಾಕ್ಸ್‌ಮಾಕ್ಸ್ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಯಂತ್ರ ನಡೆಸುವ ಸಾಫ್ಟ್‌ವೇರ್) ಹಾಕಿ ಬಿಲ್ಲಿಂಗ್, ಲ್ಯಾಬ್, ಫಾರ್ಮಸಿ ಎಲ್ಲ ಸೇರಿ ಒಂಬತ್ತು ವರ್ಚುವಲ್ ಯಂತ್ರ (ವಿಎಂ) ನಡೆಸುತ್ತಿದ್ದೇವೆ. ಒಂದು ಸರ್ವರ್ ಕೆಟ್ಟರೆ ವಿಎಂಗಳು ತಾವಾಗಿಯೇ ಇನ್ನೊಂದರಲ್ಲಿ ಶುರುವಾಗಬೇಕು (ಫೇಲ್‌ಓವರ್). ನಾಲ್ಕು ಡಿಸ್ಕ್‌ನ ಒಂದು ನ್ಯಾಸ್ (ನೆಟ್‌ವರ್ಕ್ ಮೂಲಕ ಎಲ್ಲರೂ ಬಳಸುವ ಸ್ಟೋರೇಜ್ ಪೆಟ್ಟಿಗೆ) ತಗೊಂಡರೆ ಸಾಕು ಎಂದು ಸಪ್ಲೈಯರ್ ಹೇಳುತ್ತಾರೆ. ಗೆಳೆಯರೊಬ್ಬರು ಸೆಫ್ (ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಸೇರಿಸಿ ಒಂದೇ ಸ್ಟೋರೇಜ್ ಮಾಡುವ ಸಾಫ್ಟ್‌ವೇರ್) ಹಾಕಿ ಎನ್ನುತ್ತಾರೆ. ಯಾವುದು ಸರಿ?
– ಐಟಿ ವಿಭಾಗದ ಓದುಗರು, ಹಾಸನ

ಉತ್ತರ: ಸದ್ಯಕ್ಕೆ ಎರಡೂ ಬೇಡ.

ಈಗ ನಿಮ್ಮ ಒಂದು ಸರ್ವರ್ ಕೆಟ್ಟರೆ ಅದರಲ್ಲಿರುವ ವಿಎಂಗಳು ಮಾತ್ರ ನಿಲ್ಲುತ್ತವೆ. ಎಲ್ಲ ಡಿಸ್ಕ್‌ಗಳನ್ನೂ ಒಂದೇ ನ್ಯಾಸ್‌ಗೆ ಸಾಗಿಸಿದ ಮೇಲೆ ಆ ನ್ಯಾಸ್‌ನ ಮದರ್‌ಬೋರ್ಡ್ ಹೋದರೆ ಒಂಬತ್ತೂ ಒಟ್ಟಿಗೇ ನಿಲ್ಲುತ್ತವೆ. ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ರೇಡ್ ಕಾಯುವುದು ಡಿಸ್ಕ್‌ಗಳನ್ನಷ್ಟೇ. ನ್ಯಾಸ್‌ನ ಪವರ್ ಸಪ್ಲೈ, ನಡುವಿನ ಸ್ವಿಚ್, ರೀಬೂಟ್ ಕೇಳುವ ಫರ್ಮ್‌ವೇರ್ ಅಪ್‌ಡೇಟ್, ಇವುಗಳಿಂದ ಅದು ಕಾಪಾಡುವುದಿಲ್ಲ.

ಸೆಫ್ ಒಳ್ಳೆಯ ವ್ಯವಸ್ಥೆ, ಅನುಮಾನವಿಲ್ಲ. ಜಿನೀವಾದ ಸರ್ನ್ ಪ್ರಯೋಗಾಲಯದಂಥ ದೊಡ್ಡ ಸಂಸ್ಥೆಗಳೂ ಅದನ್ನು ಬಳಸುತ್ತವೆ. ಆದರೆ ಅದಕ್ಕೆ ಕನಿಷ್ಠ 3 ಸರ್ವರ್ ಬೇಕು. ಸಾಮಾನ್ಯವಾಗಿ ಪ್ರತಿ ಡೇಟಾಕ್ಕೆ 3 ಪ್ರತಿ ಇಡುತ್ತದೆ, ಹಾಗಾಗಿ 12 ಟಿಬಿ ಡಿಸ್ಕ್ ಹಾಕಿದರೆ ಕೈಗೆ ಸಿಗುವುದು 4 ಟಿಬಿಗಿಂತ ಕಡಿಮೆ. ಡಿಸ್ಕ್‌ಗೆ ಬರೆಯುವ ಪ್ರತಿ ಡೇಟಾವೂ ನೆಟ್‌ವರ್ಕ್ ದಾಟಿ ಉಳಿದ ಸರ್ವರ್‌ಗಳ ಡಿಸ್ಕ್ ಸೇರಿದ ಮೇಲೆಯೇ ಮುಗಿಯಿತು ಎನಿಸಿಕೊಳ್ಳುವುದರಿಂದ 10 ಗಿಗಾಬಿಟ್ ನೆಟ್‌ವರ್ಕ್ ಮತ್ತು ಕರೆಂಟ್ ಹೋದರೂ ಡೇಟಾ ಉಳಿಸಿಕೊಳ್ಳುವ ಎಂಟರ್‌ಪ್ರೈಸ್ ಎಸ್‌ಎಸ್‌ಡಿ ಬೇಕೇಬೇಕು. ಇವಿಲ್ಲದೆ ಹಾಕಿದ ಸೆಫ್ ತೆವಳುತ್ತದೆ.

ಸ್ಟೋರೇಜ್ ಆರಿಸುವ ಮೊದಲು ನಿಮ್ಮ ಆಡಳಿತಾಧಿಕಾರಿಗಳನ್ನು ಒಂದು ಮಾತು ಕೇಳಿ: ಸರ್ವರ್ ಬಿದ್ದಾಗ ಎಷ್ಟು ನಿಮಿಷದ ದಾಖಲೆ ಕಳೆದರೆ ನಡೆದೀತು? ಕೌಂಟರ್‌ನಲ್ಲಿ ಐದು ನಿಮಿಷದ ಬಿಲ್ ಹೋದರೆ ಕಾರ್ಬನ್ ಪ್ರತಿ ನೋಡಿ ಮತ್ತೆ ಹೊಡೆಯಬಹುದು. ಲ್ಯಾಬ್‌ನ ಅನಲೈಸರ್ ನೇರವಾಗಿ ಕಳಿಸಿದ ರಿಪೋರ್ಟ್ ಹಾಗಲ್ಲ. ಯಂತ್ರ ತನ್ನ ಪಾಲಿಗೆ ಅದನ್ನು ಕಳಿಸಿ ಮುಗಿಸಿರುತ್ತದೆ, ಸರ್ವರ್‌ನಲ್ಲಿ ಅದು ಇರುವುದಿಲ್ಲ, ಇಲ್ಲವೆಂಬುದು ಯಾರ ಗಮನಕ್ಕೂ ಬಾರದೆ ಹೋಗಬಹುದು. ರೋಗಿಯ ವಿಷಯವಾದ್ದರಿಂದ ವಿಎಂ ವಿಎಂಗೂ ಬೇರೆ ಉತ್ತರ ಬರಬೇಕು.

ಒಂದು ಸಾಲೂ ಹೋಗಕೂಡದು ಎಂದರೆ ಎರಡು ಕಂಟ್ರೋಲರ್ ಇರುವ, ಸರ್ವರ್‌ಗೆ ನೇರ ಕೇಬಲ್‌ನಿಂದ ಜೋಡಿಸುವ ಸ್ಯಾಸ್ ಸ್ಟೋರೇಜ್ ಪೆಟ್ಟಿಗೆ ನೋಡಿ. ಪ್ರತಿ ಸರ್ವರ್‌ನಿಂದ ಎರಡು ಕೇಬಲ್, ಕಂಟ್ರೋಲರ್‌ಗೆ ಒಂದೊಂದು. ನಡುವೆ ಸ್ವಿಚ್ಚೇ ಇರುವುದಿಲ್ಲ. ಮಲ್ಟಿಪಾತ್ (ಒಂದು ಕೇಬಲ್ ಹೋದರೆ ಇನ್ನೊಂದರಿಂದ ಡಿಸ್ಕ್ ತಲುಪಿಸುವ ವ್ಯವಸ್ಥೆ) ಹೊಂದಿಸಿ, ಮೇಲೆ ಎಲ್‌ವಿಎಂ (ಡಿಸ್ಕ್ ಜಾಗವನ್ನು ವಿಎಂಗಳಿಗೆ ಹಂಚುವ ಸಾಫ್ಟ್‌ವೇರ್) ಹಾಕಿದರೆ ಆಯಿತು. ನೆಟ್‌ವರ್ಕ್ ಮೂಲಕ ಜೋಡಿಸುವ ಐಸ್ಕಸಿ (iSCSI) ಪೆಟ್ಟಿಗೆ ತಗೊಂಡರೆ ಸ್ವಿಚ್ ಕೂಡ ಎರಡು ಬೇಕಾಗುತ್ತದೆ, ಆ ಖರ್ಚನ್ನು ಕೊಟೇಶನ್‌ನಲ್ಲಿ ಬಿಟ್ಟಿರುತ್ತಾರೆ, ಕೇಳಿ ಬರೆಸಿಕೊಳ್ಳಿ.

ನಿಮ್ಮ ಗಾತ್ರಕ್ಕೆ ನಾನು ಹೇಳುವುದು ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂನ ರೆಪ್ಲಿಕೇಶನ್ (ನಕಲು). ಪ್ರತಿ ಸರ್ವರ್‌ಗೂ ಅದರದೇ ಡಿಸ್ಕ್, ಬದಲಾದ ಭಾಗ ಮಾತ್ರ ಇನ್ನೊಂದಕ್ಕೆ ನಕಲಾಗುತ್ತಿರುತ್ತದೆ. ಪ್ರಾಕ್ಸ್‌ಮಾಕ್ಸ್ ತಾನಾಗಿ 15 ನಿಮಿಷಕ್ಕೊಮ್ಮೆ ನಕಲು ಮಾಡುತ್ತದೆ, ಅದನ್ನು 1 ನಿಮಿಷಕ್ಕೂ ಇಳಿಸಬಹುದು. ಲ್ಯಾಬ್ ಡೇಟಾಬೇಸ್‌ಗೆ ಇದರ ಜೊತೆ ಡೇಟಾಬೇಸ್‌ನದೇ ರೆಪ್ಲಿಕೇಶನ್ ಬೇಕು: ಆಚೆ ಸರ್ವರ್‌ನಲ್ಲಿ ಎರಡನೇ ಡೇಟಾಬೇಸ್ ವಿಎಂ ಸದಾ ನಡೆಯುತ್ತಿರಲಿ. ಒಂದು ಸರ್ವರ್‌ನ ರ್‍ಯಾಮ್ ಒಂಬತ್ತೂ ವಿಎಂಗಳ ಭಾರ ಹೊರಬಲ್ಲದೇ ಎಂದೂ ಲೆಕ್ಕ ಹಾಕಿ.

ನೀವು ಕೇಳದ, ಆದರೆ ಇದೆಲ್ಲಕ್ಕಿಂತ ಮುಖ್ಯವಾದ ಸಂಗತಿ ಕೋರಂ, ಅಂದರೆ ಸರ್ವರ್‌ಗಳ ಮತಗಳಲ್ಲಿ ಬಹುಮತ. ಸರ್ವರ್‌ಗಳ ನಡುವಿನ ಕೇಬಲ್ ಕಿತ್ತುಹೋದರೆ ಎರಡಕ್ಕೂ ‘ಆಚೆಯದು ಸತ್ತಿದೆ’ ಎನಿಸುತ್ತದೆ. ಎರಡೂ ಒಂದೇ ವಿಎಂ ಅನ್ನು ಹಂಚಿಕೊಂಡ ಡಿಸ್ಕ್ ಮೇಲೆ ಶುರುಮಾಡಿದರೆ ಫೈಲ್ ಸಿಸ್ಟಂ ಹಾಳಾಗುತ್ತದೆ. ಅದಕ್ಕೇ ಬಹುಮತವಿಲ್ಲದ ಸರ್ವರ್ ಏನನ್ನೂ ಶುರುಮಾಡುವುದಿಲ್ಲ. ಎರಡೇ ಇದ್ದಾಗ ಒಂದು ಹೋದರೆ ಉಳಿದದ್ದಕ್ಕೂ ಬಹುಮತವಿರದು. ಮೂರನೇ ಮತಕ್ಕಾಗಿ ಒಂದು ಚಿಕ್ಕ ಪಿಸಿಯಲ್ಲಿ ಕ್ಯೂಡಿವೈಸ್ ಸೇವೆ ಹಾಕಿ. ಅದನ್ನು ಇವೇ ಸರ್ವರ್‌ಗಳ ಮೇಲಿನ ವಿಎಂನಲ್ಲಿ ಇಡಲೇಬೇಡಿ.

ಫೇಲ್‌ಓವರ್ ಎಂದರೆ ವಿಎಂ ನಿಲ್ಲುವುದೇ ಇಲ್ಲ ಎಂದಲ್ಲ. ಕೋರಂ ಕಳೆದುಕೊಂಡ ಸರ್ವರ್ ಸುಮಾರು 60 ಸೆಕೆಂಡಿನಲ್ಲಿ ತನ್ನನ್ನೇ ರೀಬೂಟ್ ಮಾಡಿಕೊಳ್ಳುತ್ತದೆ, ಆಮೇಲೆ ಇನ್ನೊಂದು ಸರ್ವರ್ ವಿಎಂಗಳನ್ನು ಮೊದಲಿಂದ ಬೂಟ್ ಮಾಡುತ್ತದೆ. ಎಲ್ಲ ಸೇರಿ ಕೆಲವು ನಿಮಿಷ. ಕೌಂಟರ್‌ನಲ್ಲಿ ಕೂರುವವರಿಗೆ ಇದನ್ನು ಮೊದಲೇ ತಿಳಿಸಿ.

ಸಪ್ಲೈಯರ್ ಹೇಳಿದ ನ್ಯಾಸ್ ಅನ್ನು ಬೇಕಾದರೆ ಬ್ಯಾಕಪ್‌ಗೆ ಕೊಳ್ಳಿ, ಬೇರೆ ಕಟ್ಟಡದಲ್ಲಿಡಿ. ರ್‍ಯಾನ್ಸಮ್‌ವೇರ್ ಕೆಡಿಸಿದ ಫೈಲನ್ನೂ ರೆಪ್ಲಿಕೇಶನ್ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ.

ಎಲ್ಲ ಹೊಂದಿಸಿದ ಮೇಲೆ, ರೋಗಿಗಳ ದಾಖಲೆ ಹಾಕುವ ಮುನ್ನ, ಒಂದು ಸರ್ವರ್‌ನ ಎರಡೂ ಪವರ್ ಕೇಬಲ್ ಕಿತ್ತು ಬಿಲ್ಲಿಂಗ್ ಪರದೆ ತೆರೆಯಲು ಎಷ್ಟು ಹೊತ್ತಾಗುತ್ತದೆ ನೋಡಿ. ಇನ್ನೊಮ್ಮೆ ನೆಟ್‌ವರ್ಕ್ ಕೇಬಲ್ ಮಾತ್ರ ಕೀಳಿ. ಎಚ್‌ಎಗೆ (ತಾನಾಗಿ ಫೇಲ್‌ಓವರ್ ಮಾಡುವ ವ್ಯವಸ್ಥೆಗೆ) ಸೇರಿಸಿದ ವಿಎಂ ನಡೆಸುತ್ತಿದ್ದ ಆ ಸರ್ವರ್ ತಾನಾಗಿ ರೀಬೂಟ್ ಆಗದಿದ್ದರೆ ಈ ಸರ್ವರ್ ಜೋಡಿಯನ್ನು (ಕ್ಲಸ್ಟರನ್ನು) ಬಳಕೆಗೆ ಬಿಡಬೇಡಿ.